ಕುಮಾರ ಪರ್ವತಕ್ಕೆ ಗೆಳೆಯರ ಜೊತೆ ಎರಡು ದಿನ

ಕುಕ್ಕೆ ಸುಬ್ರಹ್ಮಣ್ಯದಲ್ಲಿ ನಿಂತು ತಲೆ ಎತ್ತಿದರೆ ಹೆಡೆ ಬಿಚ್ಚಿದ ಹಾವಿನಂತೆ ಕಾಣುವುದು ಶೇಷ ಪರ್ವತ. ಅದರ ಬೆನ್ನಿಗಿದೆ 1712 ಮೀಟರ್ ಎತ್ತರದ ಕುಮಾರ ಪರ್ವತ, ಚಾರಣಿಗರ ಬಾಯಲ್ಲಿ ‘ಕೆಪಿ’. ಕೊಡಗಿನ ತಡಿಯಂಡಮೋಳ್ ಇದಕ್ಕಿಂತ ತುಸು ಎತ್ತರ. ಆದರೂ ಮಂಡಿ ನಡುಗಿಸುವುದು ಕೆಪಿಯೇ. ಕುಕ್ಕೆ ಇರುವುದು ಘಟ್ಟದ ಬುಡದಲ್ಲಿ; ಅಲ್ಲಿಂದ ತುದಿಗೆ 1500 ಮೀಟರ್‌ಗೂ ಹೆಚ್ಚು ಏರು, ಒಂದು ದಿಕ್ಕಿಗೇ 12–13 ಕಿ.ಮೀ. ಕಾಲುದಾರಿ. ಹತ್ತಿದ್ದನ್ನೆಲ್ಲ ಮತ್ತೆ ಇಳಿಯಬೇಕು.

ಯಾವಾಗ, ಹೇಗೆ?

ಅಕ್ಟೋಬರ್‌ನಿಂದ ಜನವರಿವರೆಗೆ ಒಳ್ಳೆಯ ಕಾಲ. ಮಳೆಗಾಲದಲ್ಲಿ ಬಂಡೆ ಜಾರುತ್ತದೆ, ಇಂಬಳದ ಕಾಟ ಬೇರೆ. ಬೇಸಿಗೆಯಲ್ಲಿ ಹುಲ್ಲು ಒಣಗಿ ಕಾಡ್ಗಿಚ್ಚಿನ ಭಯ. ಚಂಪಾಷಷ್ಠಿಯ ದಿನಗಳನ್ನು ಬಿಡಿ, ಜಾತ್ರೆಯ ಜನರ ನಡುವೆ ಕುಕ್ಕೆಯಲ್ಲಿ ರೂಮು ಸಿಗುವುದು ಕಷ್ಟ.

ಈ ಬೆಟ್ಟ ಇರುವುದು ಪುಷ್ಪಗಿರಿ ವನ್ಯಜೀವಿಧಾಮದಲ್ಲಿ. 2024ರ ಜನವರಿಯಲ್ಲಿ ಒಂದೇ ವಾರಾಂತ್ಯಕ್ಕೆ ಜನ ಕಿಕ್ಕಿರಿದು ಸೇರಿದ ಮೇಲೆ ಅರಣ್ಯ ಇಲಾಖೆ ಚಾರಣ ನಿಲ್ಲಿಸಿತು. ಈಗ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮುಂಗಡ ಟಿಕೆಟ್ ಮಾಡಿಕೊಂಡೇ ಹೋಗಬೇಕು, ದಿನಕ್ಕೆ ಇಷ್ಟೇ ಜನ ಎಂಬ ಮಿತಿಯಿದೆ. ನಿಯಮಗಳು ಋತುವಿಗೆ ತಕ್ಕಂತೆ ಬದಲಾಗುತ್ತವೆ. ಯಾವ ದಾರಿ ತೆರೆದಿದೆ, ರಾತ್ರಿ ತಂಗಲು ಅವಕಾಶವಿದೆಯೇ ಎಂಬುದನ್ನು ಟಿಕೆಟ್ ಮಾಡುವಾಗಲೇ ಓದಿಕೊಳ್ಳಿ. ಶಿಖರದ ಮೇಲಂತೂ ಟೆಂಟ್ ಹಾಕುವಂತಿಲ್ಲ.

ಬೆಂಗಳೂರಿನಿಂದ ಶುಕ್ರವಾರ ರಾತ್ರಿ ಬಸ್ಸು ಹತ್ತಿದರೆ ಬೆಳಗಿಗೆ ಕುಕ್ಕೆ. ರೈಲಿನಲ್ಲಿ ಬರುವವರು ನೆಟ್ಟಣದಲ್ಲಿರುವ ಸುಬ್ರಹ್ಮಣ್ಯ ರೋಡ್ ನಿಲ್ದಾಣದಲ್ಲಿ ಇಳಿದು ಹನ್ನೆರಡು ಕಿ.ಮೀ.ಯಷ್ಟು ರಸ್ತೆಯಲ್ಲಿ ಬರಬೇಕು. ತಂಡದಲ್ಲಿ ಹೊಸಬರೇ ಹೆಚ್ಚಿದ್ದರೆ ಸೋಮವಾರಪೇಟೆ ಕಡೆಯ ಬೀದಳ್ಳಿಯಿಂದ ಹತ್ತಿ. ಆ ದಾರಿ ಎತ್ತರದಲ್ಲೇ ಶುರುವಾಗುತ್ತದೆ, ದೂರವೂ ಹೆಚ್ಚುಕಡಿಮೆ ಅರ್ಧ.

ಮೊದಲ ದಿನ: ಗಿರಿಗದ್ದೆ

ಕುಕ್ಕೆಯ ದೇವರಗದ್ದೆಯಿಂದ ಗಿರಿಗದ್ದೆಗೆ ಎರಡೂವರೆ–ಮೂರು ಗಂಟೆ. ಬಿಸಿಲು ತಾಗದ ದಟ್ಟ ಕಾಡು, ಮೆಟ್ಟಿಲಿನಂತೆ ಎದ್ದ ಬೇರು, ಗಾಳಿಯಿಲ್ಲದ ಸೆಕೆ. ನಡುವೆ ಸಿಗುವ ಭೀಮನ ಕಲ್ಲಿನ ಬಳಿ ಚೀಲ ಇಳಿಸಿ ಸುಧಾರಿಸಿಕೊಳ್ಳಿ. ಕಾಡು ಮುಗಿದು ಬಯಲು ತೆರೆದುಕೊಂಡಾಗ ಭಟ್ಟರ ಮನೆ. ಎಷ್ಟೋ ವರ್ಷಗಳಿಂದ ಚಾರಣಿಗರಿಗೆ ಅನ್ನ, ಸಾಂಬಾರು, ಮಜ್ಜಿಗೆ ಬಡಿಸುತ್ತಾ ಬಂದ ಮನೆ ಇದು. ಎಷ್ಟು ಜನ ಬರುತ್ತೀರೆಂದು ಮೊದಲೇ ತಿಳಿಸಿ. ಬೆಟ್ಟದ ಮೇಲೆ ಒಲೆ ಹೊತ್ತಿಸುವುದು ಸುಲಭದ ಕೆಲಸವಲ್ಲ. ಬಡಿಸಿದ್ದನ್ನು ಚೆಲ್ಲಬೇಡಿ.

ಎರಡನೇ ದಿನ: ತುದಿ

ಬೆಳಗಾಗುತ್ತಿದ್ದಂತೆ, ಅನುಮತಿಯಿರುವ ಮೊದಲ ಹೊತ್ತಿಗೇ ಹೊರಡಿ. ಗಿರಿಗದ್ದೆಯಿಂದ ಮುಂದೆ ಬೋಳು ಹುಲ್ಲುಗುಡ್ಡ, ಹತ್ತು ಗಂಟೆಯ ಮೇಲೆ ಬಿಸಿಲು ನೆತ್ತಿ ಸುಡುತ್ತದೆ. ಕಲ್ಲು ಮಂಟಪದ ಹತ್ತಿರದ ತೊರೆಯೂ ಬೇಸಿಗೆಯ ಹೊತ್ತಿಗೆ ಬತ್ತುತ್ತದೆ. ತಲೆಗೆ ಮೂರು ಲೀಟರ್ ನೀರು ಗಿರಿಗದ್ದೆಯಿಂದಲೇ ಒಯ್ಯಿರಿ. ಮಂಟಪದ ನಂತರ ಶೇಷ ಪರ್ವತದ ಕಡಿದಾದ ಏರು, ಆಮೇಲೆ ಸ್ವಲ್ಪ ಇಳಿದು ಶೋಲಾ ಕಾಡು, ಕೊನೆಗೊಂದು ಜಾರುವ ಬಂಡೆ. ಅದನ್ನು ಹತ್ತಿದರೆ ಶಿಖರ.

ನಾನು ಮೊದಲ ಸಲ ಹೋದಾಗ ನಾವು ಏಳು ಮಂದಿ. ಕಲ್ಲು ಮಂಟಪ ದಾಟಿದ ಮೇಲೆ ಗೆಳೆಯನೊಬ್ಬನಿಗೆ ಮೀನಖಂಡ ಹಿಡಿದುಕೊಂಡಿತು. ಕಾಲು ಚಾಚಿ ಹುಲ್ಲಿನ ಮೇಲೆ ಕೂತವನ ತುಟಿ ಒಣಗಿ ಬೆಳ್ಳಗಾಗಿತ್ತು. ಓಆರ್‌ಎಸ್ ಪೊಟ್ಟಣ, ನೋವಿನ ಮುಲಾಮು ಎಲ್ಲ ಮುಂದೆ ಹೋದವರ ಚೀಲದಲ್ಲಿ. ಅವರು ಕೂಗಿಗೂ ಸಿಗದಷ್ಟು ಮೇಲಿದ್ದರು. ಅವರು ಹಿಂದಿರುಗಿ ಬರುವವರೆಗಿನ ಮುಕ್ಕಾಲು ಗಂಟೆ ಅವನ ಕಾಲು ತಿಕ್ಕುತ್ತಾ ಕೂತಿದ್ದು ಇಂದಿಗೂ ಮರೆತಿಲ್ಲ.

ಅಂದಿನಿಂದ ಔಷಧಿಯ ಡಬ್ಬಿ ಕೊನೆಯಲ್ಲಿ ನಡೆಯುವವರ ಚೀಲದಲ್ಲೇ ಇರುತ್ತದೆ. ಎಲ್ಲರಿಗಿಂತ ನಿಧಾನದವರು ಮುಂದೆ, ಗಟ್ಟಿಗರೊಬ್ಬರು ಹಿಂದೆ. ಎಷ್ಟು ಗಂಟೆಗೆ ಎಲ್ಲಿದ್ದರೂ ಹಿಂದಿರುಗಬೇಕು ಎಂಬುದನ್ನು ಹಿಂದಿನ ರಾತ್ರಿ ಊಟದ ಹೊತ್ತಿಗೇ ಎಲ್ಲರೂ ಒಪ್ಪಿಕೊಳ್ಳಿ. ಶಿಖರ ಕಣ್ಣೆದುರಿಗಿದ್ದಾಗ ಆ ಮಾತು ಎತ್ತಿದರೆ ಯಾರ ಕಿವಿಗೂ ಬೀಳುವುದಿಲ್ಲ.

ಚೀಲದಲ್ಲಿ ಏನಿರಬೇಕು?

• ಹಿಡಿತವಿರುವ, ಕಾಲಿಗೆ ಪಳಗಿದ ಶೂ. ಹೊಸ ಶೂ ಬೇಡ.
• ಒಬ್ಬರಿಗೊಂದು ಟಾರ್ಚ್, ರೇನ್‌ಕೋಟ್, ಬೆಚ್ಚನೆಯ ಅಂಗಿ, ಒಣ ಕಾಲುಚೀಲ.
• ಇಂಬಳಕ್ಕೆ ಉಪ್ಪು ಅಥವಾ ಸುಣ್ಣ.
• ಖರ್ಜೂರ, ಕಡಲೆಬೀಜದ ಚಿಕ್ಕಿ, ಚಪಾತಿ, ಚಟ್ನಿಪುಡಿ.
• ಗುರುತಿನ ಚೀಟಿ, ಟಿಕೆಟ್‌ನ ಪ್ರತಿ.
• ಕಸ ವಾಪಸ್ ತರಲು ಒಂದು ಚೀಲ.

ಭಾರದ ಸಾಮಾನು ಬೆನ್ನಿಗೆ ಒತ್ತಿಕೊಂಡಿರಲಿ. ಒಟ್ಟು ತೂಕ ಎಂಟು ಕಿಲೋ ದಾಟದಿರಲಿ. ಬೆಂಕಿ ಹಾಕಬೇಡಿ, ಒಂದು ಕಿಡಿಗೆ ಗುಡ್ಡಕ್ಕೆ ಗುಡ್ಡವೇ ಉರಿದುಹೋಗುತ್ತದೆ.

ಇಳಿದ ಮೇಲೆ

ಇಳಿಜಾರಿನಲ್ಲಿ ಅವಸರ ಬೇಡ, ಕಾಲು ಉಳುಕುವುದು ಹೆಚ್ಚಾಗಿ ಅಲ್ಲೇ. ಕುಕ್ಕೆಗೆ ಬಂದ ಮೇಲೆ ಬಸ್ಸಿಗೆ ಹೊತ್ತಿದ್ದರೆ ಕುಮಾರಧಾರೆಯ ಸ್ನಾನಘಟ್ಟಕ್ಕೆ ಹೋಗಿ. ತಾರಕಾಸುರನನ್ನು ಕೊಂದ ಕುಮಾರಸ್ವಾಮಿ ಆಯುಧ ತೊಳೆದದ್ದು ಈ ಹೊಳೆಯಲ್ಲಿ ಎನ್ನುತ್ತದೆ ಸ್ಥಳಪುರಾಣ. ನೀವು ಹತ್ತಿ ಬಂದ ಬೆಟ್ಟದಲ್ಲೇ ಹುಟ್ಟಿ, ಮುಂದೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುವ ನೀರು ಅದು. ಎಲ್ಲರೂ ಬಂದರೇ ಎಂದು ಇನ್ನೊಮ್ಮೆ ತಲೆ ಎಣಿಸಿ, ಶೂ ಬಿಚ್ಚಿ, ಸಾಲಾಗಿ ಕೂತು ಕಾಲು ಇಳಿಬಿಡಿ.