ಗಿಳಿ ಕಲಿತ ಮಾತು

ಶರಣರ ಬರವನ್ನು ಹಾರೈಸಿ ಕುಳಿತ ಮನೆಯೊಂದರ ಚಿತ್ರವು ಬಸವಣ್ಣನವರ ವಚನವೊಂದರಲ್ಲಿ ಬರುವುದನ್ನು ಸದ್ಭಕ್ತರಾದ ವಾಚಕರು ಬಲ್ಲರು. ಆ ಮನೆಯ ಹೆಣ್ಣುಮಗಳು ಗಿಳಿಗೆ ಪಂಜರವನ್ನು ಅಣಿಗೊಳಿಸಿದ್ದಾಳೆ. ದೀಪದಲ್ಲಿ ಎಣ್ಣೆ ತೀರದಂತೆ ನೋಡಿಕೊಂಡಿದ್ದಾಳೆ. ಹೊರಗೆ ಕೊಂಚ ಸಪ್ಪಳವಾದರೂ ಬಂದರೇನೋ ಎಂದು ಕಿವಿಗೊಡುತ್ತಾಳೆ. ಭಕ್ತನ ನಿರೀಕ್ಷೆಯೇ ಆ ವಚನದ ಹೃದಯ. ಆದರೆ ಹನ್ನೆರಡನೆಯ ಶತಮಾನದ ಕನ್ನಡನಾಡಿನ ಗೃಹದಲ್ಲಿ ದೀಪದಷ್ಟೇ ಸಹಜವಾಗಿ ಗಿಳಿಯೂ ಇದ್ದಿತೆಂಬ ಸಂಗತಿಯು ಅದರಿಂದ ತಾನಾಗಿ ತಿಳಿದುಬರುತ್ತದೆ.

ಅವರದೇ ಇನ್ನೊಂದು ವಚನದಲ್ಲಿ ಬರುವ ಗಿಳಿಯು ಬೇರೆ ಬಗೆಯದು. ಅದು ಪಾಠ ಕಲಿತ ಗಿಳಿ. ಮಾತು ಬಲ್ಲದು, ಆದರೆ ತನ್ನ ಮೇಲೆ ಎರಗಲಿರುವ ಬೆಕ್ಕಿನ ಸುಳಿವನ್ನು ಅರಿಯದು. ಲೋಕವನ್ನೆಲ್ಲ ನೋಡುವ ಕಣ್ಣಿಗೆ ತನಗೊದಗುವ ಕೇಡು ಕಾಣದು. ಹಾಗೆಯೇ ಅನ್ಯರ ಗುಣದೋಷಗಳನ್ನು ಎಣಿಸಬಲ್ಲವರು ತಮ್ಮದನ್ನು ಅರಿಯರು ಎಂಬುದು ಅದರ ತಾತ್ಪರ್ಯ. ಇದನ್ನು ಒಣಪಂಡಿತರಿಗೆ ಅನ್ವಯಿಸಿ ಹೇಳುವುದು ಸುಲಭ. ಪಂಡಿತರನ್ನು ಬೈಯಲು ಯಾರಿಗೂ ಖರ್ಚಿಲ್ಲ. ಅದೇ ವಚನವನ್ನು ಹರೆಯದ ಮಕ್ಕಳುಳ್ಳ ಗೃಹಸ್ಥನ ಪಡಸಾಲೆಗೆ ತಂದು ಓದಿದರೆ ಅದರ ಮೊನೆ ಎಲ್ಲಿ ತಾಗುತ್ತದೆಂಬುದು ವಿಚಾರಾರ್ಹವಾದುದು.

ದೃಷ್ಟಾಂತಕ್ಕಾಗಿ ದಾವಣಗೆರೆಯ ಸೀಮೆಯ ಒಂದು ಸಾಧಾರಣ ಸಂಸಾರವನ್ನು ಭಾವಿಸಬಹುದು. ಜವಳಿ ಅಂಗಡಿಯ ಯಜಮಾನ, ಅವನ ಮಡದಿ, ಎಪ್ಪತ್ತು ದಾಟಿದ ಅಜ್ಜಿ, ಹತ್ತನೆಯ ತರಗತಿಯಲ್ಲಿ ಓದುವ ಮಗ, ಎಂಟನೆಯ ತರಗತಿಯ ಮಗಳು. ಇವರ ಜೊತೆಗೆ ಕೆಂಪು ಕೊಕ್ಕಿನ ಒಂದು ಹಸಿರು ಗಿಳಿ. ಮೂರು ವರ್ಷದ ಹಿಂದೆ ಜಾತ್ರೆಯಲ್ಲಿ ಒಬ್ಬನು ಬುಟ್ಟಿಯೊಳಗೆ ಪುಕ್ಕ ಸರಿಯಾಗಿ ಮೂಡದ ಮರಿಗಳನ್ನಿಟ್ಟುಕೊಂಡು ಕುಳಿತಿದ್ದನು. ಅವುಗಳಲ್ಲಿ ಒಂದು ತಲೆಯೆತ್ತಲಾರದೆ ಬಿದ್ದಿರುವುದನ್ನು ಕಂಡು ಅಜ್ಜಿಯ ಕರುಳು ಕರಗಿತು. ಸೆರಗಿನ ಗಂಟು ಬಿಚ್ಚಿ ಹಣ ಕೊಟ್ಟು ಮನೆಗೆ ತಂದರು. ನೆನೆಸಿದ ಕಡಲೆಬೇಳೆಯನ್ನು ಅರೆದು, ಬೆರಳ ತುದಿಯಿಂದ ತಿನ್ನಿಸಿ, ಅದನ್ನು ಬದುಕಿಸಿದವಳು ಮೊಮ್ಮಗಳು. ಮುತ್ತು ಎಂದು ಹೆಸರಿಟ್ಟವಳೂ ಅವಳೇ.

ಮುತ್ತು ಬಂದ ಮೇಲೆ ಮನೆಯ ದಿನಚರಿಯೇ ಬದಲಾಯಿತು. ಬೆಳಗ್ಗೆ ಅಜ್ಜಿ ಲಿಂಗಪೂಜೆಗೆ ಕೂಡುವ ಹೊತ್ತಿಗೆ ಪಂಜರದ ಮೇಲಿನ ಬಟ್ಟೆ ತೆಗೆಯಬೇಕು. ತೆಗೆದೊಡನೆ ಅದು ಮೊದಲು ಕುಕ್ಕರಿನ ಸೀಟಿ ಹಾಕುವುದು, ಅನಂತರ ಮೊಬೈಲಿನ ಕರೆಯ ಸದ್ದು ಮಾಡುವುದು, ಆಮೇಲೆ ಅಜ್ಜಿಯ ಧ್ವನಿಯಲ್ಲೇ ‘ಶಿವಾ’ ಎನ್ನುವುದು. ಮಗಳು ಶಾಲೆಗೆ ಹೊರಡುವಾಗ ಸೀಬೆಹಣ್ಣಿನ ಅರ್ಧ ಅದಕ್ಕೆ, ಅರ್ಧ ತನಗೆ. ಮಗನ ಗಣಿತ ಪುಸ್ತಕದ ಅಂಚುಗಳೆಲ್ಲ ಅದರ ಕೊಕ್ಕಿನಿಂದ ಕತ್ತರಿಸಿದ ಕಾಗದದ ತೋರಣವಾಗಿದ್ದುವು.

ಪ್ರಾಣಿಯನ್ನು ಪ್ರೀತಿಸುವುದು ಬೇರೆ, ಅದರ ದೇಹಧರ್ಮವನ್ನು ಅರಿಯುವುದು ಬೇರೆ. ಮನೆಗೆ ಬಂದ ನೆಂಟರು ಮಂಡಕ್ಕಿ ಮೆಣಸಿನಕಾಯಿ ಬಜ್ಜಿ ತಿನ್ನುತ್ತ ಗಿಳಿಗೂ ಒಂದು ಚೂರು ನೀಡುವುದು ಆ ಕಡೆಯ ಉಪಚಾರ. ಮೆಣಸಿನಕಾಯಿಯ ಖಾರವು ಪಕ್ಷಿಗೆ ಮನುಷ್ಯನಿಗೆ ತಟ್ಟುವಂತೆ ತಟ್ಟುವುದಿಲ್ಲ, ಅದರಿಂದ ಭಯವಿಲ್ಲ. ಆದರೆ ಎಣ್ಣೆಯಲ್ಲಿ ಕರಿದ, ಉಪ್ಪು ಬೆರೆಸಿದ ಪದಾರ್ಥವೂ ಚಹವೂ ಚಾಕಲೇಟೂ ಅದಕ್ಕೆ ಅಹಿತ. ಬೆಣ್ಣೆಹಣ್ಣಂತೂ ವಿಷವೇ ಸರಿ. ಪಕ್ಷಿಗಳ ಶ್ವಾಸಕ್ರಮವು ಬಲು ಸೂಕ್ಷ್ಮವಾದುದು. ಅವುಗಳಿಗೆ ಶ್ವಾಸಕೋಶದ ಜೊತೆಗೆ ಗಾಳಿಚೀಲಗಳೂ ಉಂಟು. ಹಾರಾಟಕ್ಕೆ ಬೇಕಾದ ಪ್ರಾಣವಾಯುವನ್ನು ಸಮೃದ್ಧವಾಗಿ ಒದಗಿಸುವ ಈ ಏರ್ಪಾಟೇ ಹೊಗೆಯನ್ನೂ ಅಷ್ಟೇ ಬೇಗ ಒಳಕ್ಕೆಳೆಯುತ್ತದೆ. ಊದುಬತ್ತಿ, ಧೂಪ, ಒಗ್ಗರಣೆಯ ಘಾಟು ಇವು ಯಾವುವೂ ಪಂಜರದ ಬಳಿ ಇರಕೂಡದು. ಅಂಟದ ಲೇಪವುಳ್ಳ ಬಾಣಲೆಯು ಒಲೆಯ ಮೇಲೆ ಬರಿದೇ ಕಾದು ಮಿತಿಮೀರಿದರೆ ಏಳುವ ಆವಿಯಿಂದ ಪಕ್ಷಿಯು ಅಲ್ಪಕಾಲದಲ್ಲೇ ಸಾಯಬಹುದು. ರೋಗ ಬಂದರೂ ಅದು ಬಚ್ಚಿಡುತ್ತದೆ. ಕಾಡಿನಲ್ಲಿ ಬಲಹೀನವೆಂದು ತೋರಿಸಿಕೊಂಡ ಹಕ್ಕಿ ವೈರಿಗೆ ಮೊದಲು ಕಣ್ಣಿಗೆ ಬೀಳುವುದಷ್ಟೆ. ಪುಕ್ಕ ಕೆದರಿಕೊಂಡು ಪಂಜರದ ತಳದಲ್ಲಿ ಕುಳಿತಿತೆಂದರೆ ರೋಗವು ಆಗಲೇ ಬಹಳ ಮುಂದುವರಿದಿರುವ ಸಂಭವವುಂಟು.

ನಿದ್ರೆಯ ಸಂಗತಿಯೂ ಹೀಗೆಯೇ. ಗಿಳಿಗೆ ದಿನಕ್ಕೆ ಹತ್ತು ಹನ್ನೆರಡು ಗಂಟೆಗಳ ಕತ್ತಲೆ ಹಾಗೂ ನಿಶ್ಶಬ್ದ ಬೇಕು. ಪಡಸಾಲೆಯಲ್ಲಿ ರಾತ್ರಿ ಹನ್ನೊಂದರವರೆಗೆ ಟೀವಿ ನಡೆಯುತ್ತಿದ್ದ ಮನೆ ಅದು. ಮಗಳ ಹಠದಿಂದ ಎಂಟೂವರೆಗೆ ಟೀವಿ ಆರಿಸುವ ಕಟ್ಟಳೆ ಬಂದಿತು. ತಂದೆ ವರ್ಷವಿಡೀ ಗದರಿದರೂ ಮೊಬೈಲು ಬಿಡದ ಮಗನು, ಗಿಳಿ ಮಲಗಿದೆಯೆಂದು ತಾನೂ ದೀಪ ತಗ್ಗಿಸಿ ಪುಸ್ತಕ ಹಿಡಿದನು. ಅಧಿಕಾರದಿಂದ ಆಗದಿದ್ದುದು ಒಂದು ಹಿಡಿ ಗಾತ್ರದ ಜೀವದ ಮೇಲಿನ ಕರುಣೆಯಿಂದ ಆಯಿತು. ತಂದೆಗೆ ಇದು ಕೊಂಚ ಅವಮಾನವೆಂದೇ ತೋರಿತೆಂಬುದನ್ನು ಮರೆಮಾಚಬೇಕಾಗಿಲ್ಲ.

ಮೂರನೆಯ ವರ್ಷದಲ್ಲಿ ಮುತ್ತುವಿನ ಕೊರಳಲ್ಲಿ ಕಪ್ಪು ಗುಲಾಬಿ ಬಣ್ಣದ ಉಂಗುರ ಮೂಡಿತು. ಗಂಡುಗಿಳಿಯು ಪ್ರಾಯಕ್ಕೆ ಬಂದುದಕ್ಕೆ ಅದು ಕುರುಹು. ಹೆಣ್ಣಿಗೆ ಹಾಗೆ ಎದ್ದು ಕಾಣುವ ಉಂಗುರವಿರದು. ಉಂಗುರದೊಡನೆ ಸ್ವಭಾವವೂ ಬದಲಾಯಿತು. ಮುಟ್ಟಿದರೆ ಕಚ್ಚುವುದು, ಪಂಜರಕ್ಕೆ ಕೈಹಾಕಿದರೆ ಕಿರುಚುವುದು. ಅದೇ ವರ್ಷ ಮಗನ ಧ್ವನಿ ಒಡೆದಿತ್ತು. ಕೇಳಿದ ಪ್ರಶ್ನೆಗೆ ಒಂದೇ ಅಕ್ಷರದ ಉತ್ತರ. ಕೋಣೆಯ ಬಾಗಿಲು ಸದಾ ಮುಚ್ಚಿರುವುದು. ಎದುರಾಡಿದರೆ ಗೋಡೆ ನಡುಗುವಂತೆ ಎದುರಾಡುವುದು. ಒಂದೇ ಮನೆಯಲ್ಲಿ ಎರಡು ಹರೆಯಗಳು.

ಗಿಳಿಯ ಹರೆಯವನ್ನು ತಾಯಿ ಬಹು ಜಾಣತನದಿಂದ ನಿರ್ವಹಿಸಿದಳು. ಕಚ್ಚಿದರೆ ಅವಳು ಕೂಗುತ್ತಿರಲಿಲ್ಲ. ಕೂಗಿದರೆ ಗಿಳಿಗೆ ಅದೊಂದು ಆಟವಾಗುತ್ತದೆ. ಅವಳು ಸುಮ್ಮನೆ ಮುಖ ತಿರುಗಿಸಿ ತನ್ನ ಕೆಲಸಕ್ಕೆ ಹೋಗಿ, ಸ್ವಲ್ಪ ಹೊತ್ತಿನ ಮೇಲೆ ಏನೂ ಆಗಿಲ್ಲವೆಂಬಂತೆ ಮತ್ತೆ ಬರುತ್ತಿದ್ದಳು. ಯಜಮಾನನೂ ಗಿಳಿಯ ವಿಷಯದಲ್ಲಿ ಹಾಗೆಯೇ ನಡೆದುಕೊಂಡನು. ಆದರೆ ಮಗನ ವಿಷಯದಲ್ಲಿ? ಅಲ್ಲಿ ದಿನವೂ ಒಂದೇ ಮಂತ್ರ: ‘ಏಳೋ ದಂಡಪಿಂಡ!’ ಬೆಳಗ್ಗೆ ಏಳಿಸುವಾಗ, ಊಟಕ್ಕೆ ಕರೆಯುವಾಗ, ಅಂಕಪಟ್ಟಿ ನೋಡುವಾಗ ಅದೇ ಶಬ್ದ. ಮಗಳು ಒಮ್ಮೆ ಕೇಳಿಯೇಬಿಟ್ಟಳು: ‘ಅಪ್ಪಾಜಿ, ಮುತ್ತು ಕಚ್ಚಿದರೆ ಅದರ ವಯಸ್ಸು ಹಾಗೆ ಅಂತೀರಿ. ಅಣ್ಣನಿಗೂ ವಯಸ್ಸೇ ಅಲ್ಲವೇ?’ ತಂದೆ ಆ ಮಾತನ್ನು ನಕ್ಕು ಹಾರಿಸಿದನು.

ಗಿಳಿಗೆ ಮನುಷ್ಯನಂತೆ ಧ್ವನಿತಂತುಗಳಿಲ್ಲ. ಶ್ವಾಸನಾಳವು ಎರಡಾಗಿ ಕವಲೊಡೆಯುವ ಬುಡದಲ್ಲಿ ಅದರ ಧ್ವನಿಯ ಅಂಗವಿರುತ್ತದೆ. ಅಲ್ಲಿ ಹುಟ್ಟಿದ ನಾದವನ್ನು ದಪ್ಪ ನಾಲಗೆಯಿಂದ ತಿದ್ದಿ ಅದು ಮಾತಿನಂತೆ ಮಾಡುತ್ತದೆ. ಗಿಳಿಯು ಹಿಂಡಿನಲ್ಲಿ ಬಾಳುವ ಜೀವಿ. ಹಿಂಡಿನ ಕೂಗನ್ನು ಕಲಿಯುವುದೇ ಅದರ ಬಾಳುವೆ. ಮನೆಯಲ್ಲಿ ಸಾಕಿದ ಗಿಳಿಗೆ ಮನೆಯವರೇ ಹಿಂಡು. ಅವರು ಪದೇ ಪದೇ, ಅದರಲ್ಲಿಯೂ ಆವೇಶದಿಂದ ಆಡುವ ಮಾತು ಅದರ ಕಿವಿಯಲ್ಲಿ ಬೇಗ ನಿಲ್ಲುತ್ತದೆ. ಅದು ಒಳ್ಳೆಯದು, ಇದು ಕೆಟ್ಟದು ಎಂಬ ವಿವೇಚನೆ ಅದಕ್ಕಿಲ್ಲ.

ಶ್ರಾವಣ ಮಾಸದ ಒಂದು ಸೋಮವಾರ ಆ ಮನೆಗೆ ಅಯ್ಯನವರನ್ನು ಬರಮಾಡಿಕೊಂಡಿದ್ದರು. ಅಂಗಳ ಸಾರಿಸಿ, ರಂಗವಲ್ಲಿ ಇಟ್ಟು, ಪಾದಪೂಜೆಗೆ ಎಲ್ಲ ಸಿದ್ಧವಾಗಿತ್ತು. ಬಂದವರು ಹೊಸ್ತಿಲು ದಾಟಿ ಒಳಗೆ ಕಾಲಿಟ್ಟರು. ಯಜಮಾನನು ಕೈಮುಗಿದು ಬಾಗಿದನು. ಆ ಮೌನದಲ್ಲಿ ಪಂಜರದಿಂದ, ಯಜಮಾನನದೇ ಕಂಠದಲ್ಲಿ, ಸ್ಪಷ್ಟವಾಗಿ ಕೇಳಿಬಂದಿತು: ‘ಏಳೋ ದಂಡಪಿಂಡ!’

ಅಜ್ಜಿ ಸೆರಗು ಬಾಯಿಗಿಟ್ಟರು. ಮಗಳು ಒಳಗೆ ಓಡಿದಳು. ಅಯ್ಯನವರು ಮಾತ್ರ ಹೊಟ್ಟೆ ತುಂಬ ನಕ್ಕು, ‘ಇದಕ್ಕೆ ಉಪದೇಶ ಮಾಡಿದ ಗುರುಗಳು ಯಾರು?’ ಎಂದು ಕೇಳಿದರು. ಯಾರೂ ಉತ್ತರ ಕೊಡಲಿಲ್ಲ. ಆದರೆ ಮಗನು ತಂದೆಯ ಮುಖವನ್ನು ನೋಡಿದನು, ನಗುತ್ತಿರಲಿಲ್ಲ. ತಂದೆಯೂ ಮಗನನ್ನು ನೋಡಿದನು. ಮಾತು ಕಲಿತ ಗಿಳಿಗೆ ಬೆಕ್ಕು ಕಾಣದೆಂಬ ವಚನವನ್ನು ಅವನು ಭಜನೆಯಲ್ಲಿ ಅನೇಕ ಸಲ ಹಾಡಿದ್ದನು. ಬೆಕ್ಕು ಯಾವುದೆಂದು ಆ ದಿನ ತಿಳಿಯಿತು. ಗಿಳಿಯ ಕಿವಿಯಲ್ಲಿ ನಿಂತದ್ದು ಮಗನ ಎದೆಯಲ್ಲಿ ಎಷ್ಟು ಆಳಕ್ಕೆ ಇಳಿದಿರಬೇಕೆಂಬ ಎಣಿಕೆ ಅವನಿಗೆ ಆಗಲೇ ಹುಟ್ಟಿದ್ದು. ಗಿಳಿಯಾದರೋ ಕಲಿತದ್ದನ್ನು ಗಟ್ಟಿಯಾಗಿ ಹೇಳಿಬಿಡುತ್ತದೆ. ಹದಿನೈದರ ಹುಡುಗನು ಹೇಳುವುದಿಲ್ಲ.

ಈ ಪ್ರಸಂಗಕ್ಕಿಂತ ಕಠಿನವಾದುದು ಅನಂತರ ಬಂದಿತು. ಶಾಲೆಯಲ್ಲಿ ವನ್ಯಜೀವಿಗಳ ಪಾಠ ಕೇಳಿ ಬಂದ ಮಗನು, ಈ ದೇಶದ ಕಾಡುಗಿಳಿಗಳನ್ನು ಹಿಡಿಯುವುದೂ ಮಾರುವುದೂ ಮನೆಯಲ್ಲಿ ಇಟ್ಟುಕೊಳ್ಳುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧವೆಂದು ಹೇಳಿದನು. ಈ ಸಂಗತಿಯನ್ನು ಅರಿಯದೆ ಗಿಳಿ ಸಾಕಿರುವ ಸಂಸಾರಗಳು ಊರೂರಲ್ಲಿಯೂ ಇವೆ. ಮರದ ಪೊಟರೆಗೆ ಕೈಹಾಕಿ ಮರಿಗಳನ್ನು ಕಿತ್ತು ತರುವವರು ಬುಟ್ಟಿ ತುಂಬ ತರುತ್ತಾರೆ. ದಾರಿಯಲ್ಲಿ ಸತ್ತವುಗಳ ಲೆಕ್ಕ ಯಾರೂ ಇಡುವುದಿಲ್ಲ. ಕನಿಕರದಿಂದ ಒಂದನ್ನು ಕೊಂಡರೂ ಆ ಹಣವು ಮತ್ತೊಂದು ಪೊಟರೆಗೆ ಕೈಹಾಕಿಸುತ್ತದೆ. ಅಜ್ಜಿಗೆ ಇದನ್ನು ಕೇಳಿ ಬಹಳ ಸಂಕಟವಾಯಿತು.

‘ನಾವೇನು ಹೊಡೆಯುತ್ತೇವೆಯೆ, ಬಡಿಯುತ್ತೇವೆಯೆ? ಮಗುವಿನ ಹಾಗೆ ಸಾಕಿದ್ದೇವೆ’ ಎಂದನು ತಂದೆ.

‘ಅದು ಈಗ ಮಗುವಲ್ಲ, ಅಪ್ಪಾಜಿ’ ಎಂದನು ಮಗ.

ಅವನು ಗಿಳಿಯನ್ನು ಕುರಿತು ಮಾತ್ರ ಹೇಳಿದನೋ ಏನೋ. ತಂದೆ ‘ದಂಡಪಿಂಡ’ ಎನ್ನಲಿಲ್ಲ. ಕುಳಿತು, ಮಗನು ಹೇಳುವುದನ್ನು ಪೂರ್ತಿ ಕೇಳಿದನು. ಇದು ಆ ಮನೆಯಲ್ಲಿ ಹೊಸದು.

ಮಗನಿಗೆ ಆ ಸಾಯಂಕಾಲವೇ ಮಾಳಿಗೆಯ ಮೇಲಿಂದ ಗಿಳಿಯನ್ನು ಹಾರಿಬಿಡುವ ಆತುರ. ಇಲ್ಲಿ ತಂದೆಯ ಅನುಭವವೇ ಮೇಲಾಯಿತು. ಮೂರು ವರ್ಷ ಪಂಜರದಲ್ಲಿದ್ದ ಹಕ್ಕಿಯ ರೆಕ್ಕೆಗೆ ಬಲವಿರುವುದಿಲ್ಲ. ಆಹಾರ ಹುಡುಕಲು ಬಾರದು. ಮನುಷ್ಯನನ್ನು ಕಂಡರೆ ಭಯವಿಲ್ಲ, ಬೆಕ್ಕನ್ನೂ ಹದ್ದನ್ನೂ ಕಂಡರೆ ತಪ್ಪಿಸಿಕೊಳ್ಳುವ ಬಗೆಯೂ ತಿಳಿಯದು. ಹಾಗೆ ಹಠಾತ್ತಾಗಿ ಬಿಡುವುದು ಬಿಡುಗಡೆಯಲ್ಲ, ಕೈಬಿಡುವುದು. ಅರಣ್ಯ ಇಲಾಖೆಯ ಕಚೇರಿಗೆ ತಾವಾಗಿಯೇ ಹೋಗಿ ತಿಳಿಸಿ ಒಪ್ಪಿಸುವುದು ಸರಿಯಾದ ಮಾರ್ಗ. ಪಕ್ಷಿಗಳನ್ನು ನೋಡಿಕೊಳ್ಳುವ ಪುನರ್ವಸತಿ ಕೇಂದ್ರಗಳಲ್ಲಿ ಅವನ್ನು ದೊಡ್ಡ ಆವರಣದಲ್ಲಿ ತಮ್ಮ ಜಾತಿಯ ಹಕ್ಕಿಗಳೊಡನೆ ಇರಿಸಿ, ಹಾರಲು ರೂಢಿಮಾಡಿಸಿ, ತಕ್ಕವಾದರೆ ಮಾತ್ರ ಬಿಡುತ್ತಾರೆ. ಮಗನು ತಂದೆಯ ಮಾತನ್ನು ಒಪ್ಪಿದನು. ಇದೂ ಹೊಸದು.

ಪಕ್ಷಿಯ ಮೇಲೆ ಹಂಬಲವುಳ್ಳ ಮನೆಗಳವರು ಏನು ಮಾಡಬೇಕೆಂದು ಕೇಳಬಹುದು. ಅಂಗಡಿಗಳಲ್ಲಿ ‘ಲವ್ ಬರ್ಡ್ಸ್’ ಎಂದು ಮಾರುವ ಸಣ್ಣ ಹಕ್ಕಿಗಳು ಬಹುಮಟ್ಟಿಗೆ ಆಸ್ಟ್ರೇಲಿಯಾ ಮೂಲದ ಬಜರಿಗಾರ್‌ಗಳು. ಮನೆಗಳಲ್ಲಿಯೇ ತಲೆತಲಾಂತರದಿಂದ ಬೆಳೆದವು. ಅವನ್ನು ಸಾಕಲು ಈ ನಿಷೇಧವಿಲ್ಲ. ಆದರೆ ಅವೂ ಹಿಂಡಿನ ಜೀವಿಗಳು. ಅಂಗೈಯಗಲದ ಪಂಜರದಲ್ಲಿ ಒಂದನ್ನೇ ಒಂಟಿಯಾಗಿ ತೂಗುಹಾಕುವವರು ಸಾಕದಿರುವುದೇ ಲೇಸು.

ಮಗಳ ದುಃಖವು ಇದಾವುದರಿಂದಲೂ ಶಮನವಾಗಲಿಲ್ಲ. ಅವಳು ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ‘ಅದಕ್ಕೆ ನಾನು ಬೇಕು’ ಎಂದಳು. ತಾಯಿ ಅದನ್ನು ಅಲ್ಲಗಳೆಯಲಿಲ್ಲ. ಹದಿಮೂರರ ಹುಡುಗಿಯ ಅಳುವನ್ನು ಹುಚ್ಚುತನವೆಂದು ತಳ್ಳಿಹಾಕುವ ತಾಯಂದಿರಂತಿರಲಿಲ್ಲ ಅವಳು. ಅಜ್ಜಿ ಮಾತ್ರ ಮೊಮ್ಮಗಳನ್ನು ಮಗ್ಗುಲಲ್ಲಿ ಮಲಗಿಸಿಕೊಂಡು ಅಕ್ಕಮಹಾದೇವಿಯ ಕಥೆ ತೆಗೆದರು. ಚೆನ್ನಮಲ್ಲಿಕಾರ್ಜುನನನ್ನು ಅರಸುತ್ತ ಹೊರಟ ಅಕ್ಕನು ವನದಲ್ಲಿ ಗಿಳಿಗಳನ್ನೂ ಕೋಗಿಲೆಗಳನ್ನೂ ನಿಲ್ಲಿಸಿ ನೀವು ಕಂಡಿರಾ ಎಂದು ಕೇಳಿದಳಲ್ಲವೆ?

‘ಹೂಂ’ ಎಂದಳು ಹುಡುಗಿ.

‘ಪಂಜರದ ಗಿಳೀನ ಕೇಳಿದ್ದರೆ ಅದೇನು ಹೇಳೀತು, ಮಗಳೇ? ನಮ್ಮ ಕುಕ್ಕರಿನ ಸೀಟಿ ಹೇಳೀತು.’

ಹುಡುಗಿ ಅಳುತ್ತಲೇ ನಕ್ಕಳು.

ಒಪ್ಪಿಸುವ ದಿನ ಪಂಜರವನ್ನು ತೊಡೆಯ ಮೇಲಿಟ್ಟುಕೊಂಡು ಅವಳೇ ತಂದೆಯ ಜೊತೆ ಹೋದಳು, ಅಣ್ಣನೂ ಹೋದನು. ಮುತ್ತು ಏನೇನು ತಿನ್ನುತ್ತದೆ, ಎಷ್ಟು ಹೊತ್ತಿಗೆ ಮಲಗುತ್ತದೆ, ಯಾವ ಮಾತುಗಳನ್ನಾಡುತ್ತದೆ ಎಂದು ಒಂದು ಹಾಳೆಯಲ್ಲಿ ಬರೆದು ಅಲ್ಲಿಯವರ ಕೈಗೆ ಕೊಟ್ಟಳು. ಮಾತುಗಳ ಪಟ್ಟಿಯಲ್ಲಿ ಒಂದನ್ನು ಬರೆದು ಹೊಡೆದುಹಾಕಿದ್ದುದನ್ನು ತಂದೆ ಕಂಡನು. ಹಿಂತಿರುಗುವ ದಾರಿಯಲ್ಲಿ ಮೂವರೂ ಹೆಚ್ಚು ಮಾತನಾಡಲಿಲ್ಲ. ಮನೆಯಲ್ಲಿ ಬೆಳಗ್ಗೆ ಮಗನನ್ನು ಈಗ ಹೆಸರು ಹಿಡಿದು ಎಬ್ಬಿಸುತ್ತಾರೆ. ಒಮ್ಮೊಮ್ಮೆ ಹಳೆಯ ಮಾತು ನಾಲಗೆಯ ತುದಿಯವರೆಗೆ ಬಂದಾಗ ತಂದೆಯು ಬರಿದಾದ ಪಂಜರದ ಮೂಲೆಯ ಕಡೆ ನೋಡಿ ಸುಮ್ಮನಾಗುವುದುಂಟು. ರಾತ್ರಿ ಎಂಟೂವರೆಗೆ ಟೀವಿ ಆರಿಸುವ ಪದ್ಧತಿಯನ್ನು ಯಾರೂ ಬಿಟ್ಟಿಲ್ಲ.