ಎಪ್ಪತ್ತರ ನಂತರದ ಚಾಲನಾ ಪರವಾನಗಿ: ಕ್ಯಾಲಿಫೋರ್ನಿಯಾದ ಹಿರಿಯರು ತಿಳಿದಿರಬೇಕಾದದ್ದು

ಕ್ಯಾಲಿಫೋರ್ನಿಯಾದಲ್ಲಿ ಕೇವಲ ವಯಸ್ಸಾಯಿತೆಂಬ ಕಾರಣಕ್ಕೆ ಯಾರ ಚಾಲನಾ ಪರವಾನಗಿಯೂ ರದ್ದಾಗುವುದಿಲ್ಲ. ಕರ್ನಾಟಕದ ಆರ್‌ಟಿಒ ಮಾಡುವ ಕೆಲಸವನ್ನೇ ಇಲ್ಲಿ ಮಾಡುವ, ಡಿಎಂವಿ ಎಂದೇ ಎಲ್ಲರ ಬಾಯಲ್ಲಿರುವ ಮೋಟಾರು ವಾಹನ ಇಲಾಖೆಯು ಸಾಮಾನ್ಯವಾಗಿ ಐದು ವರ್ಷಗಳ ಅವಧಿಗೆ ಪರವಾನಗಿ ಕೊಡುತ್ತದೆ. 70 ತುಂಬಿದವರು ಅದನ್ನು ನವೀಕರಿಸಲು ಕಚೇರಿಗೆ ಖುದ್ದಾಗಿ ಹೋಗಿ ಕಣ್ಣಿನ ಪರೀಕ್ಷೆಗೆ ಒಳಗಾಗಬೇಕು. 2024ರ ಅಕ್ಟೋಬರ್‌ಗೆ ಮುಂಚೆ ಸಂಚಾರ ನಿಯಮಗಳ ಲಿಖಿತ ಪರೀಕ್ಷೆಯೂ ಇದರ ಜೊತೆಗಿತ್ತು. ಅಪಘಾತ, ದಂಡಗಳ ದಾಖಲೆ ಸ್ವಚ್ಛವಾಗಿರುವ ಬಹುತೇಕ ಹಿರಿಯರಿಗೆ ಈಗ ಅದರಿಂದ ವಿನಾಯಿತಿ ಇರುವುದರಿಂದ, ಆ ಪರೀಕ್ಷೆಯ ಬಗ್ಗೆ ಹಳಬರು ಹೇಳುವ ಕಥೆಗಳಿಗೆ ಹೆದರಬೇಕಾಗಿಲ್ಲ.

ಈ ವಿನಾಯಿತಿ ನವೀಕರಣಕ್ಕೆ ಮಾತ್ರ. ಪ್ರವಾಸಿಯಾಗಿ ಬಂದವರು ಅವಧಿ ಮುಗಿಯದ ಭಾರತದ ಡಿಎಲ್ ಇಟ್ಟುಕೊಂಡು ವಾಹನ ನಡೆಸಬಹುದಾದರೂ (ಮಕ್ಕಳ ಕಾರಿನ ವಿಮೆ ಅದಕ್ಕೆ ಒಪ್ಪುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ), ಇಲ್ಲಿ ನೆಲೆ ನಿಂತವರು ಹತ್ತು ದಿನಗಳೊಳಗೆ ರಾಜ್ಯದ ಪರವಾನಗಿಗೆ ಅರ್ಜಿ ಹಾಕಬೇಕು. ಊರಿನಲ್ಲಿ ಎಷ್ಟೇ ವರ್ಷ ಕಾರು ಓಡಿಸಿದ್ದರೂ ಲಿಖಿತ ಪರೀಕ್ಷೆಯ ಜೊತೆಗೆ ರಸ್ತೆಯ ಮೇಲಿನ ಪರೀಕ್ಷೆಯನ್ನೂ ಕೊಡಬೇಕು. ಹಾಗೆಂದು ಊರಿನ ಡಿಎಲ್ ಅನ್ನು ಕಡೆಗಣಿಸುವುದೂ ತರವಲ್ಲ. ಭಾರತದಲ್ಲಿ 55 ದಾಟಿದವರಿಗೆ ಅದು ಐದೈದು ವರ್ಷಕ್ಕಷ್ಟೇ ನವೀಕರಣಗೊಳ್ಳುತ್ತದೆ, ಅದಕ್ಕೆ ನಮೂನೆ 1ಎ ಎಂಬ ವೈದ್ಯಕೀಯ ಪ್ರಮಾಣಪತ್ರ ಬೇಕಾಗುತ್ತದೆ, ಅವಧಿ ಮುಗಿದು ಒಂದು ವರ್ಷ ಕಳೆದರಂತೂ ಮತ್ತೆ ಚಾಲನಾ ಪರೀಕ್ಷೆಗೆ ಹಾಜರಾಗಬೇಕಾಗುತ್ತದೆ. ಅವಧಿ ಮುಗಿಯುವ ಒಂದು ವರ್ಷ ಮೊದಲೇ ನವೀಕರಿಸಲು ಕಾನೂನು ಅವಕಾಶ ಕೊಟ್ಟಿರುವುದರಿಂದ ವಿಮಾನ ಹತ್ತುವ ಮುನ್ನವೇ ಆ ಕೆಲಸ ಮುಗಿಸುವುದು ಲೇಸು.

ನವೀಕರಣದಲ್ಲಿ ಹಿರಿಯರು ತಡವರಿಸುವುದು ಹೆಚ್ಚಾಗಿ ಕಣ್ಣಿನ ಪರೀಕ್ಷೆಯಲ್ಲಿ. ಎರಡೂ ಕಣ್ಣು ಸೇರಿ 20/40 ದೃಷ್ಟಿ ಇರಬೇಕು, ಅಂದರೆ ಆರೋಗ್ಯವಂತ ಕಣ್ಣು 40 ಅಡಿಯಿಂದ ಓದಬಲ್ಲ ಅಕ್ಷರವನ್ನು ಅರ್ಜಿದಾರರು 20 ಅಡಿಯಿಂದಲಾದರೂ ಓದಬೇಕು; ಒಂದೊಂದೇ ಕಣ್ಣನ್ನು ಮುಚ್ಚಿ ನೋಡಿದಾಗ ಒಂದರಲ್ಲಿ ಅದೇ 20/40, ಇನ್ನೊಂದರಲ್ಲಿ ಕನಿಷ್ಠ 20/70 ಇರಬೇಕು. ಓದುವ ಕನ್ನಡಕವನ್ನಷ್ಟೇ ಜೇಬಿನಲ್ಲಿಟ್ಟುಕೊಂಡು ಹೋದವರಿಗೆ ಗೋಡೆಯ ಮೇಲಿನ ಅಕ್ಷರಗಳು ಮಸುಕಾಗಿ ಕಂಡರೆ ಅದು ಕಣ್ಣಿನ ದೋಷವಲ್ಲ, ದೂರದೃಷ್ಟಿಯ ಕನ್ನಡಕವನ್ನು ಮನೆಯಲ್ಲಿ ಬಿಟ್ಟುಬಂದ ದೋಷ. ಕೌಂಟರಿನಲ್ಲಿ ಈ ಮಟ್ಟ ಮುಟ್ಟದಿದ್ದರೂ ಅರ್ಜಿ ಅಲ್ಲಿಗೇ ಮುಗಿಯುವುದಿಲ್ಲ: ಡಿಎಲ್ 62 ಎಂಬ ನಮೂನೆಯನ್ನು ಕೊಟ್ಟು ಕಣ್ಣಿನ ತಜ್ಞರ ಬಳಿಗೆ ಕಳುಹಿಸುತ್ತಾರೆ, ಹೊಸ ಕನ್ನಡಕದಿಂದಲೋ ಪೊರೆಯ ಶಸ್ತ್ರಚಿಕಿತ್ಸೆಯಿಂದಲೋ ದೃಷ್ಟಿ ಸುಧಾರಿಸಿದ ಮೇಲೆ ಮತ್ತೆ ಬರಬಹುದು. ನವೀಕರಣದ ದಿನಾಂಕಕ್ಕೆ ಕೆಲವು ತಿಂಗಳು ಮೊದಲೇ ಕಣ್ಣು ತೋರಿಸಿಕೊಂಡರೆ ಈ ಓಡಾಟವೇ ತಪ್ಪುತ್ತದೆ.

ಪರವಾನಗಿ ಒಂದೋ ಪೂರ್ತಿ ಇರುತ್ತದೆ, ಇಲ್ಲವೇ ಪೂರ್ತಿ ಹೋಗುತ್ತದೆ ಎಂದು ಅನೇಕ ಕುಟುಂಬಗಳು ಭಾವಿಸುವುದುಂಟು. ಇವೆರಡರ ನಡುವೆ ನಿರ್ಬಂಧಿತ ಪರವಾನಗಿ ಎಂಬುದೊಂದಿದೆ: ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಮಾತ್ರ, ಫ್ರೀವೇ ಬಿಟ್ಟು, ಅಥವಾ ಗೊತ್ತುಪಡಿಸಿದ ಪ್ರದೇಶದೊಳಗೆ ಮಾತ್ರ ಎಂಬಂಥ ಷರತ್ತುಗಳೊಡನೆ ಅದನ್ನು ಕೊಡುತ್ತಾರೆ, ದೇವಸ್ಥಾನ, ದಿನಸಿ ಅಂಗಡಿ, ಆಸ್ಪತ್ರೆಗಳಿಗಷ್ಟೇ ಹೋಗಿಬರುವವರು ತಮಗೆ ಪರಿಚಯವಿರುವ ಬೀದಿಗಳಲ್ಲಿಯೇ ಚಾಲನಾ ಪರೀಕ್ಷೆ ಕೊಡುವ ಏರ್ಪಾಡೂ ಇದೆ. ರಾತ್ರಿ ಎದುರು ಬರುವ ದೀಪಗಳಿಗೆ ಕಣ್ಣು ಕೋರೈಸುವವರು ಹಗಲಿನ ಷರತ್ತನ್ನು ಅವಮಾನವೆಂದು ಬಗೆಯದೆ ಒಪ್ಪಿಕೊಳ್ಳುವುದೇ ವಿವೇಕ.

ಮರೆವಿನ ಕಾಯಿಲೆಯ ವಿಷಯ ಬೇರೆ. ಆಲ್‌ಝೈಮರ್ಸ್ ಸೇರಿದಂತೆ ಎಚ್ಚರ ತಪ್ಪಿಸುವ ಸ್ವಭಾವದ ಕಾಯಿಲೆಗಳು ಪತ್ತೆಯಾದಾಗ ವೈದ್ಯರು ವರದಿ ಮಾಡಲೇಬೇಕೆಂದು ಈ ರಾಜ್ಯದ ಕಾನೂನು ಹೇಳುತ್ತದೆ, ಆ ವರದಿ ಡಿಎಂವಿಗೂ ತಲುಪುತ್ತದೆ. ವೈದ್ಯರು ಹೀಗೆ ಮಾಡಿದ್ದು ವೈರದಿಂದಲ್ಲವೆಂದು ಮನೆಯವರು ಹಿರಿಯರಿಗೆ ತಿಳಿಹೇಳಬೇಕಾಗುತ್ತದೆ. ಕಾಯಿಲೆ ಆರಂಭದ ಹಂತದಲ್ಲಿದ್ದರೆ ವಿಶೇಷ ಚಾಲನಾ ಪರೀಕ್ಷೆಯ ಅವಕಾಶ ಸಿಗಬಹುದು, ಮುಂದುವರಿದಿದ್ದರೆ ಇಲ್ಲ. ಮರುಪರೀಕ್ಷೆ ನಡೆಸಬೇಕೆಂದು ಕುಟುಂಬದವರೇ ಇಲಾಖೆಗೆ ಬರೆಯಲೂಬಹುದು. ಪರವಾನಗಿ ಬಿಟ್ಟುಕೊಟ್ಟರೆ ಗುರುತಿಗೆ ಏನು ತೋರಿಸುವುದೆಂದು ಹಿಂಜರಿಯುವ ಅಗತ್ಯವಿಲ್ಲ: 62 ತುಂಬಿದವರಿಗೆ ಹತ್ತು ವರ್ಷ ಸಲ್ಲುವ ಗುರುತಿನ ಚೀಟಿಯನ್ನು ಡಿಎಂವಿ ಶುಲ್ಕವಿಲ್ಲದೆ ಕೊಡುತ್ತದೆ, ರಿಯಲ್ ಐಡಿ ರೂಪದಲ್ಲಿ ಪಡೆದರೆ ಅದು ದೇಶದೊಳಗಿನ ವಿಮಾನ ಪ್ರಯಾಣಕ್ಕೂ ನಡೆಯುತ್ತದೆ.