ಕಣ್ಣಳತೆಯ ಕ್ರೀಡೆ

ಹುಬ್ಬಳ್ಳಿಯ ಕೇಶ್ವಾಪುರದಿಂದ ಗದಗ ರಸ್ತೆಯನ್ನು ಹಿಡಿದು ಪೂರ್ವಕ್ಕೆ ಸಾಗಿದರೆ ನಗರದ ಗದ್ದಲವು ಹಿಂದುಳಿದು, ಎರೆಹೊಲಗಳ ವಿಸ್ತಾರವು ತೆರೆದುಕೊಳ್ಳುತ್ತದೆ. ಆ ದಾರಿಯಲ್ಲಿರುವ ಅಣ್ಣಿಗೇರಿಯು ಆದಿಕವಿ ಪಂಪನ ತಾಯಿಯ ಮನೆತನದ ಊರು. ಪಂಪನು ಹತ್ತನೆಯ ಶತಮಾನದಲ್ಲಿ ರಚಿಸಿದ 'ವಿಕ್ರಮಾರ್ಜುನ ವಿಜಯ'ದ ನಾಯಕನು ಬಿಲ್ಲಾಳುಗಳಲ್ಲಿ ಅಗ್ರಗಣ್ಯನಾದ ಅರ್ಜುನ. 1117ರಲ್ಲಿ ಪ್ರತಿಷ್ಠಾಪಿತವಾದ ಬೇಲೂರಿನ ಚೆನ್ನಕೇಶವ ದೇವಾಲಯದ ಶಿಲಾಬಾಲಿಕೆಯರಲ್ಲಿಯೂ ಬಿಲ್ಲು ಹಿಡಿದ ಬೇಟೆಗಾರ್ತಿಯೊಬ್ಬಳಿದ್ದಾಳೆ. ನಾಡಿನ ಹಲವು ವೀರಗಲ್ಲುಗಳಲ್ಲಿ ಬಿಲ್ಲು ಬಾಣಗಳ ಚಿತ್ರಗಳಿವೆ. ಕಾವ್ಯದಲ್ಲಿಯೂ ಕಲ್ಲಿನಲ್ಲಿಯೂ ಹೀಗೆ ನೆಲೆನಿಂತ ಬಿಲ್ವಿದ್ಯೆಯು ಕನ್ನಡ ನಾಡಿಗೆ ಹೊಸದಲ್ಲ.

ಆದರೆ ಅಂದು ಬಿಲ್ಲು ಆಟದ ವಸ್ತುವಾಗಿರಲಿಲ್ಲ. ಬೇಟೆಗಾರನಿಗೆ ಅದು ಅನ್ನ, ಯೋಧನಿಗೆ ಪ್ರಾಣ. ಕಾಲಕ್ರಮದಲ್ಲಿ ಬಂದೂಕು ಬಂದಿತು. ಯುದ್ಧದಲ್ಲಿ ಬಿಲ್ಲಿನ ಕೆಲಸ ಮುಗಿಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ತರುವಾಯ ಬೇಟೆಯೂ ಅಪರಾಧವಾಯಿತು. ಹಾಗಾದರೆ ಸಾವಿರಾರು ವರ್ಷಗಳ ಕಾಲ ಮನುಷ್ಯನು ಬೆಳೆಸಿಕೊಂಡು ಬಂದ ಆ ಕಣ್ಣಿನ ಚುರುಕು, ತೋಳಿನ ಹದ, ಮನಸ್ಸಿನ ಏಕಾಗ್ರತೆ ಇವೆಲ್ಲವೂ ವ್ಯರ್ಥವಾಗಬೇಕೆ? ಈ ಪ್ರಶ್ನೆಗೆ ಕ್ರೀಡೆಯು ಉತ್ತರ ನೀಡಿದೆ.

ಬಿಲ್ಲುಗಾರಿಕೆಯ ಸ್ಪರ್ಧೆಗಳಲ್ಲಿ ಎರಡು ಬಗೆಗಳು ಮುಖ್ಯವಾದವು. ಒಲಿಂಪಿಕ್ ಕ್ರೀಡಾಕೂಟದಲ್ಲಿ ಕಾಣುವುದು ಮೊದಲನೆಯದು. ಅಲ್ಲಿ ನೆಲ ಸಮತಟ್ಟು. ದೂರ 70 ಮೀಟರು. ಗುರಿಹಲಗೆಯ ಮೇಲಿನ ವೃತ್ತದ ವ್ಯಾಸ 122 ಸೆಂಟಿಮೀಟರು. ದೂರವು ಎಂದಿಗೂ ಬದಲಾಗುವುದಿಲ್ಲ. ಎರಡನೆಯದು ಫೀಲ್ಡ್ ಆರ್ಚರಿ. ಇದನ್ನು ಕನ್ನಡದಲ್ಲಿ ಕಾಡುಮೇಡಿನ ಬಿಲ್ಲುಗಾರಿಕೆ ಎನ್ನಬಹುದು. ಇದರ ವಿಶ್ವ ಚಾಂಪಿಯನ್‌ಷಿಪ್ 1969ರಲ್ಲಿ ಆರಂಭವಾಯಿತು. ಇಲ್ಲಿ ಗುರಿಗಳು ಒಂದೇ ಸಾಲಿನಲ್ಲಿ ನಿಂತಿರುವುದಿಲ್ಲ. ಮರಗಳ ನಡುವೆ, ಗುಡ್ಡದ ಏರಿನಲ್ಲಿ, ಹಳ್ಳದ ಆಚೆ ದಡದಲ್ಲಿ ಅವು ಚದುರಿರುತ್ತವೆ. ಸ್ಪರ್ಧಿಗಳು ಚಿಕ್ಕ ಗುಂಪುಗಳಾಗಿ ಕಾಲುದಾರಿಯಲ್ಲಿ ನಡೆಯುತ್ತ ಒಂದೊಂದೇ ಗುರಿಯನ್ನು ತಲಪಿ ಬಾಣ ಬಿಡಬೇಕು.

ಸಾಮಾನ್ಯವಾಗಿ ಒಂದು ಸುತ್ತಿಗೆ 24 ಗುರಿಗಳು. ಪ್ರತಿ ಗುರಿಗೆ ಮೂರು ಬಾಣಗಳು. ಗುರಿಮುಖಗಳ ವ್ಯಾಸ 20, 40, 60 ಮತ್ತು 80 ಸೆಂಟಿಮೀಟರು. ನಡುವಿನ ಹಳದಿ ಭಾಗದ ಒಳವೃತ್ತಕ್ಕೆ 6 ಅಂಕ, ಹೊರವೃತ್ತಕ್ಕೆ 5. ಸುತ್ತಲಿನ ಕಪ್ಪು ವಲಯಗಳಿಗೆ ಕ್ರಮವಾಗಿ 4, 3, 2, 1. ಎಲ್ಲ 72 ಬಾಣಗಳೂ ನಟ್ಟನಡುವೆ ನೆಟ್ಟರೆ 432 ಅಂಕಗಳು ದೊರೆಯುತ್ತವೆ. ಕೆಲವು ಗುರಿಗಳ ದೂರವನ್ನು ಫಲಕದ ಮೇಲೆ ಬರೆದಿರುತ್ತಾರೆ. ಉಳಿದವುಗಳ ದೂರವನ್ನು ಬರೆದಿರುವುದಿಲ್ಲ. ದೂರವನ್ನಳೆಯುವ ಉಪಕರಣಗಳನ್ನು ಬಳಸಲು ನಿಯಮವು ಅವಕಾಶ ಕೊಡುವುದಿಲ್ಲ. ಬಿಲ್ಲುಗಾರನಿಗೆ ಇರುವುದು ಕಣ್ಣಳತೆಯೊಂದೇ.

ಈ ಕಣ್ಣು ಸುಲಭವಾಗಿ ಮೋಸಹೋಗುತ್ತದೆ. ಕೇಶ್ವಾಪುರದ ಸಮತಟ್ಟಾದ ಬಯಲಿನಲ್ಲಿ ನಿಂತು 30 ಮೀಟರನ್ನು ಸರಿಯಾಗಿ ಊಹಿಸಬಲ್ಲ ಬಾಲಕನು, ಅದೇ ಹುಬ್ಬಳ್ಳಿಯ ನೃಪತುಂಗ ಬೆಟ್ಟದ ಇಳಿಜಾರಿನಲ್ಲಿ ತಪ್ಪಬಹುದು. ನಡುವೆ ತಗ್ಗು ಇದ್ದರೆ ಆಚೆಯ ವಸ್ತುವು ಹತ್ತಿರವಿರುವಂತೆ ತೋರುತ್ತದೆ; ನೆರಳು ಕವಿದ ಮರಗಳ ಸಾಲಿನ ಕೊನೆಯಲ್ಲಿರುವ ಗುರಿಯು ಇರುವುದಕ್ಕಿಂತ ದೂರವೆನಿಸುತ್ತದೆ.

ದೂರವನ್ನು ಸರಿಯಾಗಿ ಊಹಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಹೆದೆಯಿಂದ ಹೊರಟ ಬಾಣವನ್ನು ಭೂಮಿಯು ಸದಾ ಕೆಳಕ್ಕೆ ಸೆಳೆಯುತ್ತಿರುತ್ತದೆ. ಈ ಸೆಳೆತದಿಂದ ಬಾಣವು ಎಷ್ಟು ಬಾಗಿ ಹೋಗುವುದೆಂಬುದನ್ನು ಬಹುಮಟ್ಟಿಗೆ ನಿರ್ಣಯಿಸುವುದು ಇಳಿಜಾರಿನ ಉದ್ದವಲ್ಲ, ಸಮತಲದ ದೂರ. 30 ಡಿಗ್ರಿ ಏರಿನ ಮೇಲೆ 40 ಮೀಟರು ದೂರದಲ್ಲಿರುವ ಗುರಿಗೆ ಸಮತಲದ ದೂರವು ಸುಮಾರು 35 ಮೀಟರು ಮಾತ್ರ. ಇದನ್ನರಿಯದೆ 40 ಮೀಟರಿಗೆ ಹೊಂದಿಸಿ ಬಿಟ್ಟ ಬಾಣವು ಗುರಿಯನ್ನು ಮೀರಿ ಮೇಲೆ ಹೋಗುತ್ತದೆ. ಸೋಜಿಗವೆಂದರೆ, ಇಳುಕಲಿನಲ್ಲಿ ಕೆಳಗಿರುವ ಗುರಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. ತರಗತಿಯಲ್ಲಿ ಕಲಿತ ತ್ರಿಕೋನಮಿತಿಯು ಇಲ್ಲಿ ಕಾಡಿನ ದಾರಿಯಲ್ಲಿ ನೆರವಿಗೆ ಬರುತ್ತದೆ.

ಈ ಕ್ರೀಡೆಯಲ್ಲಿ ಎಚ್ಚರವೂ ಪ್ರಾಮಾಣಿಕತೆಯೂ ಕೌಶಲದಷ್ಟೇ ಅಗತ್ಯ. ಬಿಟ್ಟ ಬಾಣವನ್ನು ಮರಳಿ ಕರೆಯಲಾಗದು. ಆದುದರಿಂದ ಗುರಿಯ ಮುಂದಾಗಲಿ ಹಿಂದಾಗಲಿ ಯಾರೂ ಇಲ್ಲವೆಂಬುದು ಖಚಿತವಾಗುವವರೆಗೆ ಹೆದೆಯನ್ನು ಎಳೆಯಬಾರದು. ಗುರಿಯ ಬಳಿ ಪ್ರೇಕ್ಷಕರ ಸಮೂಹವಿರುವುದಿಲ್ಲ. ಅಂಕಗಳನ್ನು ಗುಂಪಿನ ಸ್ಪರ್ಧಿಗಳೇ ಬರೆದುಕೊಳ್ಳುತ್ತಾರೆ. ಅಂಕಗಳನ್ನು ಬರೆದು ಮುಗಿಸುವ ತನಕ ಬಾಣವನ್ನಾಗಲಿ ಗುರಿಮುಖವನ್ನಾಗಲಿ ಯಾರೂ ಮುಟ್ಟುವಂತಿಲ್ಲ. ಬಾಣವು ಎರಡು ವಲಯಗಳ ಗೆರೆಯನ್ನು ತಾಕಿದ್ದರೆ ಹೆಚ್ಚಿನ ಅಂಕ ಸಲ್ಲುತ್ತದೆ, ತಾಕಿಲ್ಲವಾದರೆ ಸಲ್ಲುವುದಿಲ್ಲ. ಕೂದಲೆಳೆಯ ಈ ಅಂತರದಲ್ಲಿ ಎದುರಾಳಿಗೆ ಸಲ್ಲಬೇಕಾದುದನ್ನು ಸಲ್ಲಿಸುವವನೇ ನಿಜವಾದ ಕ್ರೀಡಾಪಟು.

ಉತ್ತಮ ಬಿಲ್ಲು ಬಾಣಗಳಿಗೆ ಬೆಲೆ ಹೆಚ್ಚು. ಅವುಗಳನ್ನು ಬಲ್ಲವರ ಮೇಲ್ವಿಚಾರಣೆಯಲ್ಲಿ ಮಾತ್ರ ಬಳಸಬೇಕು. ಆದರೆ ಈ ವಿದ್ಯೆಯ ಮೊದಲ ಪಾಠಕ್ಕೆ ಬಿಲ್ಲೇ ಬೇಕಾಗಿಲ್ಲ. ಕೇಶ್ವಾಪುರದ ವಿದ್ಯಾರ್ಥಿಯು ಶಾಲೆಯ ಅಂಗಳದಲ್ಲಿ ನಿಂತು ಎದುರಿನ ಮರವು ಎಷ್ಟು ಹೆಜ್ಜೆ ದೂರವಿದೆಯೆಂದು ಮನಸ್ಸಿನಲ್ಲಿ ಊಹಿಸಿ, ಬಳಿಕ ನಡೆದು ಎಣಿಸಬಹುದು. ಮೊದಲ ದಿನ ಊಹೆ ಬಹಳವಾಗಿ ತಪ್ಪುತ್ತದೆ. ದಿನಗಳೆದಂತೆ ತಪ್ಪಿನ ಪ್ರಮಾಣ ಕುಗ್ಗುತ್ತದೆ. ತನ್ನ ಎಣಿಕೆ ತಪ್ಪಾಯಿತೆಂದು ಒಪ್ಪಿಕೊಂಡು ಅದನ್ನು ತಿದ್ದಿಕೊಳ್ಳುವ ಈ ಅಭ್ಯಾಸವೇ ಕಣ್ಣಳತೆಯ ಗುಟ್ಟು.

ಕರ್ನಾಟಕ ಸರ್ಕಾರವು ಶ್ರೇಷ್ಠ ಕ್ರೀಡಾಪಟುಗಳಿಗೆ ನೀಡುವ ಪ್ರಶಸ್ತಿಯು ಏಕಲವ್ಯನ ಹೆಸರನ್ನು ಹೊತ್ತಿದೆ. ಗುರುವಿನ ಸಮೀಪದಲ್ಲಿ ಕಲಿಯುವ ಅವಕಾಶ ದೊರೆಯದಿದ್ದರೂ ಅಡವಿಯನ್ನೇ ಶಾಲೆಯನ್ನಾಗಿ ಮಾಡಿಕೊಂಡು ತನ್ನ ತಪ್ಪುಗಳನ್ನು ತಾನೇ ತಿದ್ದಿಕೊಂಡವನು ಅವನು. ಪ್ರಾಣವನ್ನು ಕೊಲ್ಲಲು ಹುಟ್ಟಿದ ಆಯುಧವು ಇಂದು ಯಾರನ್ನೂ ನೋಯಿಸದೆ, ಕಾಡುಮೇಡಿನ ದಾರಿಯಲ್ಲಿ ಅದೇ ಪಾಠವನ್ನು ಕಲಿಸುತ್ತಿದೆ.